ಎಣ್ಣೆ ಡಬ್ಬಿ ಮತ್ತು ಹಲೋ ಅಜ್ಜಿ

“ಈ ಬೀದೀಲಿ ಕಿರುಗುಟ್ಟದೇ ಇರೋ ಗೇಟು ಒಂದಾದ್ರೂ ಇದ್ಯಾ?”

ಟೋಪಿ ಅಕ್ಕ ಬೀದಿಯ ನಟ್ಟನಡುವೆ ನಿಂತು, ಸೊಂಟದ ಮೇಲೆ ಕೈಯಿಟ್ಟುಕೊಂಡು ಕೇಳಿದಳು. ಯಾರನ್ನೂ ನೋಡಿ ಕೇಳಿದ್ದಲ್ಲ, ಸುಮ್ಮನೆ ಗಾಳಿಗೆ ಕೇಳಿದ್ದು. ಅದೇ ಹೊತ್ತಿಗೆ ಬೇಕರಿ ಅಂಕಲ್ ತಮ್ಮ ಮನೆಯ ಗೇಟು ತಳ್ಳಿಕೊಂಡು ಹೊರಗೆ ಬಂದರು. ಗೇಟು ಕ್ರೀಂ...ಯ್ ಎಂದು ಉದ್ದಕ್ಕೆ ರಾಗ ಎಳೆಯಿತು. ಗೋಡೆ ಕೆರೆಯುತ್ತಿದ್ದವರೆಲ್ಲ ಕೈ ನಿಲ್ಲಿಸಿ ನಕ್ಕರು. ಏನಾಯಿತೆಂದು ತಿಳಿಯದೆ ಬೇಕರಿ ಅಂಕಲ್ ತಮ್ಮ ಅಂಗಿಯನ್ನೇ ನೋಡಿಕೊಂಡರು.

ಅದು ಬಹಳ ಹಳೆಯ ಬೀದಿ. ಮನೆಗಳು ಒಂದಕ್ಕೊಂದು ಭುಜ ತಾಗಿಸಿಕೊಂಡು ಕೂತಿದ್ದವು. ಪ್ರತಿ ಮನೆಯ ಮುಂದೆಯೂ ಒಂದು ಪುಟ್ಟ ಅಂಗಳ, ಅದಕ್ಕೊಂದು ಬಳ್ಳಿ ಚಿತ್ತಾರದ ಕಬ್ಬಿಣದ ಗೇಟು. ಗೋಡೆಗಳ ಮೇಲೆ ಪೋಸ್ಟರಿನ ಮೇಲೆ ಪೋಸ್ಟರು ಅಂಟಿ ಕಲ್ಲೇ ಕಾಣುತ್ತಿರಲಿಲ್ಲ. ಕೆಲವು ವಾರಗಳಿಂದ ಟೋಪಿ ಅಕ್ಕನ ತಂಡ ಪ್ರತಿ ಭಾನುವಾರ ಬಂದು ಬೀದಿಯನ್ನು ರಿಪೇರಿ ಮಾಡುತ್ತಿತ್ತು. ಟೋಪಿ ಅಕ್ಕ ಕಾಲೇಜಿನಲ್ಲಿ ಕಟ್ಟಡಗಳ ಬಗ್ಗೆ ಪಾಠ ಮಾಡುವವಳು. ತಂಡದ ಉಳಿದವರೆಲ್ಲ ನೀಲಿ ಟೋಪಿ ಹಾಕಿಕೊಂಡರೆ, ಅವಳೊಬ್ಬಳ ತಲೆಯ ಮೇಲೆ ಮೊರದಷ್ಟು ಅಗಲದ ಹುಲ್ಲಿನ ಟೋಪಿ.

ಮೊದಲ ಭಾನುವಾರ ಬೀದಿಯವರು ಕಿಟಕಿಯಿಂದ ಇಣುಕಿ ನೋಡಿ, ಇವರಿಗೆ ಬೇರೆ ಕೆಲಸ ಇಲ್ಲವೇ ಎಂದುಕೊಂಡಿದ್ದರು. ಆಮೇಲೆ ಯಾರೋ ಒಬ್ಬರು ಟೀ ತಂದುಕೊಟ್ಟರು. ಈಗ ಬೀದಿಯವರೇ ಅರ್ಧ ತಂಡವಾಗಿದ್ದರು.

ಅವರಲ್ಲಿ ಚೂಟಿಯೂ ಒಬ್ಬಳು. ಅವಳಿಗೆ ಹತ್ತು ವರ್ಷ. ಹೆಸರು ಬೇರೆ ಇತ್ತು, ಆದರೆ ಅದನ್ನು ಸ್ಕೂಲಿನ ಹಾಜರಿ ಪುಸ್ತಕ ಬಿಟ್ಟು ಮತ್ತಾರೂ ಬಳಸುತ್ತಿರಲಿಲ್ಲ. ಹಿಂದಿನ ವಾರ ಅವಳ ಕೈಗೆ ಬ್ರಷ್ ಕೊಟ್ಟಾಗ ಬಾಗಿಲಿಗಿಂತ ಹೆಚ್ಚು ಬಣ್ಣ ಅವಳ ಬೂಟಿನ ಮೇಲೆ ಬಿದ್ದಿತ್ತು. ಹಾಗಾಗಿ ಈ ವಾರ ಬರೀ ಕಾಗದದ ಚೂರು ಹೆಕ್ಕುವ ಕೆಲಸ. ಚೂಟಿ ಮುಖ ಊದಿಸಿಕೊಂಡು ಹೆಕ್ಕುತ್ತಿದ್ದಳು.

ಟೋಪಿ ಅಕ್ಕ ಅವಳ ಊದಿದ ಮುಖವನ್ನು ನೋಡಿದಳು, ಬೇಕರಿ ಅಂಕಲ್ ಗೇಟನ್ನು ನೋಡಿದಳು. ಸಾಮಾನಿನ ಚೀಲದಿಂದ ಕೊಕ್ಕರೆಯ ಕೊಕ್ಕಿನಂಥ ಉದ್ದ ಮೂತಿಯ ಎಣ್ಣೆ ಡಬ್ಬಿಯೊಂದನ್ನು ತೆಗೆದಳು.

“ತಗೋ. ಯಾವುದು ಕಿರುಗುಟ್ಟುತ್ತೋ ಅದರ ಬಾಯಿ ಮುಚ್ಸೋದು ನಿನ್ನ ಜವಾಬ್ದಾರಿ.”

ಡಬ್ಬಿಯ ತಳ ಒತ್ತಿದರೆ ಟಿಕ್ ಎಂದು ಸದ್ದಾಗಿ ಮೂತಿಯಿಂದ ಒಂದು ಹನಿ ಇಳಿಯುತ್ತಿತ್ತು. ಆ ಟಿಕ್ ಚೂಟಿಗೆ ಎಷ್ಟು ಹಿಡಿಸಿತೆಂದರೆ ಅವಳು ಬೀದಿಯ ಒಂದು ಗೇಟನ್ನೂ ಬಿಡಲಿಲ್ಲ. ಮೇಲಿನ ಕೀಲಿಗೆ ಟಿಕ್, ಕೆಳಗಿನ ಕೀಲಿಗೆ ಟಿಕ್, ಚಿಲಕಕ್ಕೆ ಟಿಕ್. ಆಮೇಲೆ ಗೇಟನ್ನು ಹಿಂದೆ ಮುಂದೆ ಆಡಿಸಿ, ಅದು ಬಾಯಿ ಮುಚ್ಚುವ ತನಕ ಮತ್ತೆ ಟಿಕ್. ನಡುವೆ ಎಣ್ಣೆ ಮುಗಿದಾಗ ಎದುರು ಮನೆಯ ಟೈಲರ್ ಮಾಮನ ಅಂಗಡಿಗೆ ಓಡಿದಳು. ಅವರು ತಮ್ಮ ಹೊಲಿಗೆ ಮೆಷಿನ್ನಿನ ಎಣ್ಣೆಯನ್ನು ಡಬ್ಬಿಗೆ ಸುರಿದುಕೊಟ್ಟರು. ಕೊನೆಯ ಟಿಕ್‌ಗಳು ತನ್ನದೇ ಮನೆಯ ಗೇಟಿಗೆ.

ಸಂಜೆ ಬೇಕರಿ ಅಂಕಲ್ ಗೇಟು ತೆಗೆದು, ಮುಚ್ಚಿ, ನಂಬಿಕೆ ಬಾರದೆ ಮತ್ತೊಮ್ಮೆ ತೆಗೆದರು. ನಮ್ಮ ಮಗು ಇನ್ನಾದರೂ ನೆಮ್ಮದಿಯಾಗಿ ಮಲಗುತ್ತದೆ ಎಂದು ಚೂಟಿಯ ಬೆನ್ನು ತಟ್ಟಿದರು. ಟೋಪಿ ಅಕ್ಕ ಅವಳ ತಲೆಗೊಂದು ನೀಲಿ ಟೋಪಿ ಇಟ್ಟಳು. ಅದು ಕಿವಿಯವರೆಗೂ ಇಳಿಯಿತು.

ಆವತ್ತು ಬೀದಿಯೆಲ್ಲ ಮೆತ್ತಗಾಗಿತ್ತು.

ಸೋಮವಾರ ಚೂಟಿ ಸ್ಕೂಲಿನಿಂದ ಬಂದು ಗೇಟು ತಳ್ಳಿದಳು. ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ತೆರೆದುಕೊಂಡಿತು. ಹೆಮ್ಮೆಯಿಂದ ಅಲ್ಲೇ ನಿಂತು, ಎದುರಿನ ಮಹಡಿಯ ಕಿಟಕಿಯ ಕಡೆ ನೋಡಿ ಕೈ ಬೀಸಿದಳು.

ಆ ಕಿಟಕಿಯ ಹಿಂದೆ ಕೂರುತ್ತಿದ್ದವರು ಹಲೋ ಅಜ್ಜಿ, ಟೈಲರ್ ಮಾಮನ ತಾಯಿ. ಒಂದು ಕಾಲದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದವರು. ಇವತ್ತಿಗೂ ಮಾತು ಶುರು ಮಾಡುವ ಮುಂಚೆ ಒಂದು ಹಲೋ ಹೇಳದೇ ಇರುತ್ತಿರಲಿಲ್ಲ. ಸ್ವಂತ ಮಗನನ್ನು ಊಟಕ್ಕೆ ಕರೆಯುವಾಗಲೂ ಅಷ್ಟೇ. ಅಜ್ಜಿಗೆ ಈಗ ಕಣ್ಣು ಮಂಜು. ಕನ್ನಡಕ ಹಾಕಿದರೂ ಅಷ್ಟೇ, ತೆಗೆದರೂ ಅಷ್ಟೇ. ಆದರೆ ಕನ್ನಡಕದ ತಗಡಿನ ಡಬ್ಬಿ ಮಾತ್ರ ಸದಾ ಕೈಯಲ್ಲಿ.

ಚೂಟಿಯ ಅಮ್ಮ ಆಸ್ಪತ್ರೆಯಲ್ಲಿ ನರ್ಸ್. ಅಮ್ಮನ ಡ್ಯೂಟಿ ಮುಗಿಯುವುದು ಕತ್ತಲಾದ ಮೇಲೆ. ಆದ್ದರಿಂದ ಚೂಟಿ ಬೀಗ ತೆಗೆದು ಒಬ್ಬಳೇ ಮನೆಗೆ ಹೋಗಬೇಕು. ಅವಳು ಗೇಟಿನೊಳಗೆ ಕಾಲಿಟ್ಟ ಕೂಡಲೇ ಎದುರು ಮಹಡಿಯಿಂದ ಹಲೋ ಅಜ್ಜಿ ಕಿಟಕಿಯ ಸರಳಿಗೆ ಆ ಡಬ್ಬಿಯಿಂದ ಬಡಿಯುತ್ತಿದ್ದರು: ಟಣ್, ಟಣ್. ನೀನು ಬಂದದ್ದು ಗೊತ್ತಾಯಿತು ಎಂದು ಅದರ ಅರ್ಥ. ಅದನ್ನು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ, ತಾನಾಗಿ ಅರ್ಥವಾಗಿತ್ತು. ಚೂಟಿ ಕೈ ಬೀಸಿ ಒಳಗೆ ಹೋಗುತ್ತಿದ್ದಳು.

ಇವತ್ತು ಟಣ್ ಟಣ್ ಬರಲಿಲ್ಲ.

ಅಜ್ಜಿ ಮಲಗಿರಬೇಕು ಎಂದುಕೊಂಡು ಚೂಟಿ ಬೀಗ ತೆಗೆದಳು. ಒಳಗೆ ಮನೆ ಯಾಕೋ ದೊಡ್ಡದಾದಂತೆ ಕಂಡಿತು. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಬ್ರೆಡ್ಡಿಗೆ ಜಾಮ್ ಹಚ್ಚಿಕೊಂಡು, ಅದನ್ನು ತಿನ್ನುವ ಮುಂಚೆ ಎಲ್ಲ ಕೋಣೆಗಳ ಲೈಟ್ ಹಾಕಿ ಬಂದಳು.

ಮಂಗಳವಾರವೂ ಟಣ್ ಟಣ್ ಇಲ್ಲ.

ಅಜ್ಜಿಗೆ ತನ್ನ ಮೇಲೆ ಕೋಪ ಬಂದಿದೆ ಎಂದು ಚೂಟಿಗೆ ಖಾತ್ರಿಯಾಯಿತು. ಕೋಪ ಬರದೆ ಏನು? ಭಾನುವಾರ ಎಣ್ಣೆ ತುಂಬಿಸಿಕೊಳ್ಳಲು ಹೋದಾಗ ಮೆಟ್ಟಿಲಿನ ಹತ್ತಿರವೇ ನಿಂತಿದ್ದಳು, ಮೇಲೆ ಹತ್ತಿ ಅಜ್ಜಿಯನ್ನು ಮಾತಾಡಿಸದೆ ಹಾಗೇ ಓಡಿ ಬಂದಿದ್ದಳು. ಬುಧವಾರ ಬ್ಯಾಗನ್ನು ಮನೆಯೊಳಗೆ ಎಸೆದು ನೇರವಾಗಿ ಎದುರು ಮನೆಗೆ ಹೋದಳು.

ಟೈಲರ್ ಮಾಮ ಮೆಷಿನ್ ತುಳಿಯುವುದನ್ನು ನಿಲ್ಲಿಸಿ ದನಿ ತಗ್ಗಿಸಿದರು. ಅಮ್ಮ ಯಾಕೋ ಸರಿಯಾಗಿ ಮಾತೇ ಆಡುತ್ತಿಲ್ಲ, ಶನಿವಾರ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು ಅಂತಿದ್ದೇನೆ, ನೀನಾದರೂ ಹೋಗಿ ಮಾತಾಡಿಸು ಎಂದರು.

ಕಿವಿ ಡಾಕ್ಟರು ಯಾಕೆ ಎಂದು ಕೇಳುವಷ್ಟರಲ್ಲಿ ಮಾಮ ಬಾಯಿಗೆ ಗುಂಡುಸೂಜಿ ಕಚ್ಚಿಕೊಂಡಿದ್ದರು. ಚೂಟಿ ಮೆಟ್ಟಿಲು ಹತ್ತಿದಳು.

ಕಿಟಕಿಯ ಪಕ್ಕದ ಕುರ್ಚಿ ಅಲ್ಲಿರಲಿಲ್ಲ. ಅದನ್ನು ಗೋಡೆಯ ಕಡೆಗೆ ಎಳೆದು ಹಾಕಲಾಗಿತ್ತು. ಅಜ್ಜಿ ಅದರಲ್ಲಿ ಕಿಟಕಿಗೆ ಬೆನ್ನು ಮಾಡಿ ಕೂತಿದ್ದರು.

“ಹಲೋ. ಯಾರು?”

“ನಾನು ಅಜ್ಜಿ, ಚೂಟಿ.”

“ಸ್ಕೂಲಿಂದ ಯಾವಾಗ ಬಂದೆ?”

“ಈಗ್ಲೇ. ಗೇಟು ತೆಗೆದು, ಬ್ಯಾಗ್ ಇಟ್ಟು, ಸೀದಾ ಬಂದೆ.”

ಅಜ್ಜಿ ತಲೆ ಅಲ್ಲಾಡಿಸಿದರು. “ಕೇಳಿಸ್ಲೇ ಇಲ್ಲ ಮಗಳೇ.”

ಆಮೇಲೆ ಅಜ್ಜಿ ನಿಧಾನವಾಗಿ, ಬೇರೆ ಯಾರದೋ ವಿಷಯ ಹೇಳುವವರ ಹಾಗೆ ಹೇಳಿದರು. ಕಣ್ಣು ಹೋದದ್ದೂ ಹೀಗೇ ಅಂತೆ. ಮೊದಲು ದೂರದ್ದು. ಬೀದಿಯ ಕೊನೆಯಲ್ಲಿರುವ ಗಡಿಯಾರದ ಮುಳ್ಳು ಕಾಣದಾಯಿತು. ಆಮೇಲೆ ಬೇಕರಿಯ ಬೋರ್ಡು. ಆಮೇಲೆ ಹತ್ತಿರ ಬಂದು ನಿಂತವರ ಮುಖ. ಈಗ ಕಿವಿಯೂ ಅದೇ ದಾರಿ ಹಿಡಿದಿದೆ. ಕೆಳಗಿನ ಮೆಷಿನ್ನು ಕೇಳುತ್ತದೆ, ಕೋಣೆಯಲ್ಲಿ ಆಡಿದ ಮಾತು ಕೇಳುತ್ತದೆ, ಬೀದಿ ಕೇಳುತ್ತಿಲ್ಲ. ಬೇಕರಿಯವನು ಹೊರಟದ್ದು ಕೇಳಲಿಲ್ಲ. ಪಕ್ಕದ ಮನೆಯ ಮೇಷ್ಟ್ರು ವಾಕಿಂಗಿಗೆ ಹೋದದ್ದು ಕೇಳಲಿಲ್ಲ. ಬಾಯಿಪಾಠ ಬರುವ ಪದ್ಯದಲ್ಲಿ ಒಂದೊಂದೇ ಸಾಲು ಮರೆತುಹೋದ ಹಾಗೆ.

“ನಿಮ್ಮನೆ ಗೇಟು ಇಷ್ಟು ಹತ್ರ ಇದೆ. ಅದೂ ಹೋಯ್ತು ನೋಡು. ಕಿಟಕಿ ಹತ್ರ ಕೂತು ಏನು ಮಾಡ್ಲಿ?”

ಚೂಟಿ ತನ್ನ ಬೆರಳುಗಳನ್ನು ನೋಡಿಕೊಂಡಳು. ಉಗುರಿನ ಅಂಚಿನಲ್ಲಿ ಎಣ್ಣೆಯ ಕಲೆ ಇನ್ನೂ ಇತ್ತು.

“ಅಜ್ಜಿ, ನಾನು ದಿನಾ ಕೈ ಬೀಸ್ತಿದ್ನಲ್ಲ, ಅದು ನಿಮಗೆ ಕಾಣಿಸ್ತಿತ್ತಲ್ವಾ?”

“ಕೈ ಬೀಸ್ತಿದ್ಯಾ?” ಅಜ್ಜಿಯ ಮುಖದಲ್ಲಿ ಸಣ್ಣ ನಗು ಮೂಡಿತು. “ಪಾಪ. ಯಾರೂ ಹೇಳ್ಲೇ ಇಲ್ಲ ನಂಗೆ.”

ಚೂಟಿ ಕೆಳಗಿಳಿದಳು. ಬೀದಿ ದಾಟಿ ತನ್ನ ಗೇಟಿನ ಹತ್ತಿರ ನಿಂತಳು. ಅದನ್ನು ಹಿಂದಕ್ಕೆ ತಳ್ಳಿದಳು, ಮುಂದಕ್ಕೆ ಎಳೆದಳು. ಗೇಟು ಕಳ್ಳನ ಹಾಗೆ ಸದ್ದಿಲ್ಲದೆ ಓಡಾಡಿತು.

ಹೇಳಿದರೆ ಎಲ್ಲರಿಗೂ ಗೊತ್ತಾಗುತ್ತದೆ. ಬೀದಿಯೆಲ್ಲ ಶಭಾಷ್ ಎಂದ ಕೆಲಸ ಅದು. ನೀಲಿ ಟೋಪಿ ಬಾಗಿಲ ಹಿಂದಿನ ಮೊಳೆಯ ಮೇಲೆ ನೇತಾಡುತ್ತಿತ್ತು. ಹೇಳದಿದ್ದರೆ ಶನಿವಾರ ಡಾಕ್ಟರು ಹೇಗೂ ಕಿವಿ ನೋಡುತ್ತಾರೆ, ಸರಿಯಾಗಿದೆ ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಆದರೆ ಶನಿವಾರದ ತನಕ ಅಜ್ಜಿ ಗೋಡೆಯನ್ನು ನೋಡಿಕೊಂಡು ಕೂತಿರುತ್ತಾರೆ. ಆ ಗೋಡೆಯೂ ಅವರಿಗೆ ಕಾಣುವುದಿಲ್ಲ.

ಚೂಟಿ ಮತ್ತೆ ಬೀದಿ ದಾಟಿದಳು. ಈ ಸಲ ಎರಡೆರಡು ಮೆಟ್ಟಿಲು ಹಾರಿ ಹತ್ತಿದಳು.

“ಅಜ್ಜಿ, ನಿಮ್ಮ ಕಿವಿ ಸರಿಯಾಗಿದೆ. ಗೇಟುಗಳದ್ದೇ ಬಾಯಿ ಮುಚ್ಚಿಹೋಗಿದೆ. ಭಾನುವಾರ ಎಲ್ಲದಕ್ಕೂ ಎಣ್ಣೆ ಹಾಕಿದ್ದು ನಾನೇ.”

ಅಜ್ಜಿ ನಂಬಲಿಲ್ಲ. ಎಣ್ಣೆ ಹಾಕಿದ್ದನ್ನು ನಂಬಿದರು, ಕಿವಿ ಸರಿಯಾಗಿರುವುದನ್ನು ನಂಬಲಿಲ್ಲ. ನನ್ನ ಸಮಾಧಾನಕ್ಕೆ ಹೇಳುತ್ತಿದ್ದೀಯ, ಒಳ್ಳೆಯ ಹುಡುಗಿ ನೀನು ಎಂದರು. ಒಳ್ಳೆಯ ಹುಡುಗಿ ಎಂದದ್ದು ಚೂಟಿಗೆ ಬೈದದ್ದಕ್ಕಿಂತ ಹೆಚ್ಚು ಚುಚ್ಚಿತು.

ಹಾಗಾದರೆ ಪರೀಕ್ಷೆ ಮಾಡೋಣ ಎಂದಳು. ಕುರ್ಚಿಯನ್ನು ಅಜ್ಜಿಯ ಸಮೇತ ಎಳೆಯಲು ನೋಡಿದಳು. ಕುರ್ಚಿ ಅಲ್ಲಾಡಲಿಲ್ಲ, ಅಜ್ಜಿ ಅಲ್ಲಾಡಿ ನಕ್ಕರು. ಕೊನೆಗೆ ಅವರೇ ಎದ್ದು ಕಿಟಕಿಯ ಹತ್ತಿರ ಬಂದು ನಿಂತರು. ಚೂಟಿ ಮೆಟ್ಟಿಲಿಳಿಯುವಾಗ ಟೈಲರ್ ಮಾಮನಿಗೆ ಸ್ವಲ್ಪ ಹೊತ್ತು ಮೆಷಿನ್ ತುಳಿಯಬೇಡಿ ಎಂದು ಹೇಳಿ, ಬೇಕರಿಯ ಮೂಲೆಯ ತನಕ ಓಡಿದಳು. ಕಿರುಚದೆ, ಪಕ್ಕದ ಬೆಂಚಿನವರ ಜೊತೆ ಮಾತಾಡುವಷ್ಟೇ ದನಿಯಲ್ಲಿ, ಬಾಯಿಗೆ ಬಂದ ಒಂದು ಮಾತು ಹೇಳಿದಳು. ಏದುಸಿರು ಬಿಡುತ್ತಾ ವಾಪಸ್ ಬಂದಳು.

ಕಿಟಕಿಯ ಸರಳನ್ನು ಬಿಗಿಯಾಗಿ ಹಿಡಿದಿದ್ದ ಅಜ್ಜಿಯ ಬೆರಳುಗಳು ಒಂದೊಂದಾಗಿ ಸಡಿಲವಾದವು.

“ಹಲೋ,” ಎಂದರು. “ಟೈಲರ್ ಮಾಮನ ಮೀಸೆ ಎಡಗಡೆ ಉದ್ದ, ಬಲಗಡೆ ಗಿಡ್ಡ ಅಂತ ಮೂಲೆಯಿಂದ ಯಾರೋ ಕಂಪ್ಲೇಂಟ್ ಮಾಡ್ತಿದ್ದಾರೆ.”

ಕೆಳಗೆ ಕುರ್ಚಿ ಸರಿದ ಸದ್ದಾಯಿತು. ಟೈಲರ್ ಮಾಮ ಕನ್ನಡಿಯ ಹತ್ತಿರ ಹೋಗಿರಬೇಕು.

ಅಜ್ಜಿ ಕೂತು ಕಣ್ಣೊರೆಸಿಕೊಂಡರು. ನಕ್ಕದ್ದಕ್ಕೆ ಬಂದ ನೀರೋ ಬೇರೆಯೋ ತಿಳಿಯಲಿಲ್ಲ. ಎಕ್ಸ್‌ಚೇಂಜಿನಲ್ಲಿ ಇಷ್ಟು ವರ್ಷ ಇದ್ದೆ, ಬೀದಿಯ ಎಲ್ಲ ಲೈನನ್ನೂ ಒಂದೇ ದಿನದಲ್ಲಿ ಕಟ್ ಮಾಡಿದವಳನ್ನು ನೋಡಿರಲಿಲ್ಲ ಎಂದರು. ಕೋಪದಿಂದಲ್ಲ.

ಆದರೂ ಲೈನು ಕಟ್ಟಾದದ್ದು ಕಟ್ಟಾದದ್ದೇ. ಆ ಸಂಜೆ ಚೂಟಿ ತನ್ನ ಗೇಟಿನ ಕೀಲಿಗೆ ಸೋಪು ಹಚ್ಚಿ ತಿಕ್ಕಿದಳು. ಗೇಟು ಇನ್ನೂ ನುಣುಪಾಯಿತೇ ಹೊರತು ಬಾಯಿ ಬಿಡಲಿಲ್ಲ. ಮೆಷಿನ್ ಎಣ್ಣೆ ಅಷ್ಟು ಬೇಗ ಹೋಗುವುದಿಲ್ಲ ಎಂದು ಟೈಲರ್ ಮಾಮ ಹೇಳಿದರು. ಅವರ ಮೀಸೆ ಎರಡೂ ಕಡೆ ಸಮವಾಗಿತ್ತು.

ಭಾನುವಾರ ತಂಡದವರು ಟೀ ಕುಡಿಯಲು ಟೈಲರ್ ಅಂಗಡಿಯ ಮುಂದೆ ಸೇರಿದಾಗ ಚೂಟಿ ನೀಲಿ ಟೋಪಿಯನ್ನು ಕೈಯಲ್ಲಿ ಹಿಡಿದುಕೊಂಡು ಎದ್ದು ನಿಂತಳು. ಎಲ್ಲವನ್ನೂ ಹೇಳಿದಳು. ಟೋಪಿ ಅಕ್ಕ ತನ್ನ ಅಗಲದ ಟೋಪಿಯನ್ನು ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಡಬ್ಬಿ ಕೊಟ್ಟವಳು ನಾನು, ಯಾವ ಮನೆಯನ್ನೂ ಕೇಳದೆ ಕೊಟ್ಟೆ ಎಂದು ಮಾತ್ರ ಹೇಳಿದಳು.

ಬೇಕರಿ ಅಂಕಲ್ ಗಂಟಲು ಸರಿ ಮಾಡಿಕೊಂಡರು. ಮಗು ಈ ವಾರವೆಲ್ಲ ಚೆನ್ನಾಗಿ ನಿದ್ದೆ ಮಾಡಿದೆ, ಅಜ್ಜಿಯ ಬಗ್ಗೆ ಬೇಜಾರಿದೆ, ಆದರೆ ಗೇಟನ್ನು ಮತ್ತೆ ಕಿರುಗುಟ್ಟಿಸಲು ನನ್ನಿಂದ ಆಗುವುದಿಲ್ಲ ಎಂದರು. ಆಮೇಲೆ ಟೀ ಲೋಟವನ್ನೇ ನೋಡುತ್ತಾ, ಅಷ್ಟಕ್ಕೂ ನನ್ನ ಗೇಟಿನಲ್ಲಿ ಅಜ್ಜಿಗೆ ಕೇಳುವುದಕ್ಕೆ ಏನಿತ್ತು ಎಂದು ಕೇಳಿದರು.

“ಹಲೋ,” ಎಂದಿತು ಮೇಲಿನ ಕಿಟಕಿ. ಎಲ್ಲರೂ ತಲೆ ಎತ್ತಿದರು. “ಹಿಟ್ಟು ಕಲಸೋಕೆ ಬೆಳಗಿನ ಜಾವ ಹೋಗ್ತೀಯಲ್ಲಪ್ಪ. ಮಗು ಏಳಬಾರದು ಅಂತ ಗೇಟು ನಿಧಾನವಾಗಿ ತೆಗೀತೀಯ. ನಿಧಾನ ತೆಗೆದಷ್ಟೂ ಅದು ಉದ್ದ ಕೂಗುತ್ತೆ. ಒಳ್ಳೆ ಅಪ್ಪ ಅಂದ್ಕೊಂಡು ನಾನು ಮಗ್ಗುಲು ಬದಲಾಯಿಸ್ತಿದ್ದೆ.”

ಬೇಕರಿ ಅಂಕಲ್ ಕಿವಿ ಕೆಂಪಾಯಿತು. ಯಾರೋ ಕಿಸಕ್ಕೆಂದರು. ಅವರು ಮಾತ್ರ ನಗಲಿಲ್ಲ, ಕಿಟಕಿಯನ್ನೇ ನೋಡುತ್ತಿದ್ದರು.

ಅಜ್ಜಿ ಇನ್ನೂ ಕೆಲವರ ಗೇಟಿನ ಬಗ್ಗೆ ಹೇಳಿದರು. ಚೂಟಿಯ ಅಮ್ಮನ ಸರದಿ ಬಂದಾಗ ದನಿ ಸ್ವಲ್ಪ ಇಳಿಯಿತು. ಆಸ್ಪತ್ರೆಯಿಂದ ನೀನು ಬಂದು ಗೇಟು ಹಾಕಿಕೊಳ್ಳುವ ತನಕ ನಾನು ರಾತ್ರಿಯ ಊಟಕ್ಕೆ ಏಳುತ್ತಿರಲಿಲ್ಲ ಎಂದರು. ಅಮ್ಮ ಟೀ ಲೋಟವನ್ನು ಮೆಟ್ಟಿಲ ಮೇಲೆ ಇಟ್ಟಳು. ಕುಡಿದು ಮುಗಿದಿರಲಿಲ್ಲ.

ಆ ವಾರದಿಂದ ಬೀದಿಯಲ್ಲಿ ಹೊಸ ಸದ್ದುಗಳು ಬಂದವು. ಬೇಕರಿ ಅಂಕಲ್ ಬೆಳಗಿನ ಜಾವ ಕಿಟಕಿಯ ಕೆಳಗೆ ನಿಂತು, ಹೊರಟೆ ಅಜ್ಜಿ ಎಂದು ಮೆಲ್ಲಗೆ ಹೇಳತೊಡಗಿದರು. ಮೇಷ್ಟ್ರು ವಾಕಿಂಗ್ ಬಿಟ್ಟು ಹಳೆಯ ಸೈಕಲ್ ಹೊರತೆಗೆದು, ಹೋಗುವಾಗ ಬೆಲ್ ಹೊಡೆದರು. ಒಂದು ಮನೆಯವರು ಗೇಟಿಗೆ ಕಳೆದುಹೋದ ಬೀಗಗಳ ಕೀಲಿಕೈ ಗೊಂಚಲು ಕಟ್ಟಿದರು. ಎಲ್ಲರೂ ಹಾಗೆ ಮಾಡಲಿಲ್ಲ. ಕೆಲವರಿಗೆ ಮರೆತುಹೋಯಿತು, ಒಬ್ಬರಂತೂ ನಾವು ಬಂದು ಹೋಗುವುದು ಊರಿಗೆಲ್ಲ ಯಾಕೆ ಗೊತ್ತಾಗಬೇಕು ಎಂದರು. ಅದೂ ಸರಿಯೇ ಎಂದರು ಅಜ್ಜಿ. ತಂಡದವರು ಈಗ ಒಂದು ಮೊಳೆ ಕೀಳುವ ಮುಂಚೆಯೂ ಬಾಗಿಲು ತಟ್ಟಿ ಕೇಳುತ್ತಿದ್ದರು.

ಚೂಟಿ ದಿನಾ ಸಂಜೆ ಬಂದೆ ಅಜ್ಜಿ ಎಂದು ಕೂಗುತ್ತಿದ್ದಳು. ಟಣ್ ಟಣ್ ಬರುತ್ತಿತ್ತು. ಆದರೂ ಅದು ಮೊದಲಿನ ಹಾಗಿರಲಿಲ್ಲ. ಮೊದಲು ಅವಳು ಕರೆಯದೆಯೇ ಬರುತ್ತಿತ್ತಲ್ಲ.

ಹಾಗಾಗಿ ಅವಳು ಬೆಳಿಗ್ಗೆ ಎದ್ದವಳೇ ಒಂದು ಚೊಂಬು ನೀರು ತಂದು ಗೇಟಿನ ಕೀಲಿಗೆ ಸುರಿಯತೊಡಗಿದಳು. ಜನ ಗಿಡಕ್ಕೆ ನೀರು ಹಾಕಿದರೆ ನಮ್ಮನೆಯವಳು ಗೇಟಿಗೆ ಹಾಕುತ್ತಾಳೆ, ಇನ್ನು ಅದು ಚಿಗುರುವುದೊಂದು ಬಾಕಿ ಎಂದು ಅಮ್ಮ ರೇಗಿಸಿದಳು. ಆದರೆ ಒಂದು ಬೆಳಿಗ್ಗೆ ಚೂಟಿ ಹೊದಿಕೆಯೊಳಗೇ ಉಳಿದಾಗ, ಅಂಗಳದಲ್ಲಿ ನೀರು ಸುರಿದ ಸದ್ದು ಕೇಳಿಸಿತು. ಅಮ್ಮ ಖಾಲಿ ಚೊಂಬು ಹಿಡಿದು ಒಳಗೆ ಬಂದು, ಏನೂ ಆಗಿಲ್ಲವೆನ್ನುವ ಹಾಗೆ ಟಿಫಿನ್ ಡಬ್ಬಿ ಕಟ್ಟಿದಳು.

ಎಷ್ಟೋ ವಾರ ಏನೂ ಆಗಲಿಲ್ಲ. ಆಮೇಲೆ ಕೀಲಿನ ಅಂಚಿಗೆ ಕಿತ್ತಳೆ ಬಣ್ಣದ ಧೂಳು ಕೂತಿತು. ಮಳೆಯೂ ಬಂದು ಹೋಯಿತು, ಬಿಸಿಲೂ ಬಂತು.

ಒಂದು ಭಾನುವಾರ ಚೂಟಿ ಬೇಕರಿಯಿಂದ ಬಿಸಿ ಬನ್ನು ತೆಗೆದುಕೊಂಡು ಬಂದಳು. ತಂಡದವರು ಗೋಡೆಯ ಕೊನೆಯ ಪೋಸ್ಟರ್ ಕೆರೆಯುತ್ತಿದ್ದರು. ಬನ್ನಿನ ಪೊಟ್ಟಣ ಎರಡೂ ಕೈಯಲ್ಲಿದ್ದುದರಿಂದ ಗೇಟನ್ನು ಮೊಣಕಾಲಿನಿಂದ ತಳ್ಳಿದಳು.

ಕೀ...

ಸಣ್ಣ ಸದ್ದು. ಬೆಕ್ಕಿನ ಮರಿ ಆಕಳಿಸಿದಷ್ಟು. ಚೂಟಿ ಇದ್ದಲ್ಲೇ ನಿಂತುಬಿಟ್ಟಳು. ಮನೆಗೆ ಬೀಗ ಹಾಕಿತ್ತು, ಅಮ್ಮ ಡ್ಯೂಟಿಯಲ್ಲಿದ್ದಳು. ಅವಳು ಕೂಗಲಿಲ್ಲ. ಕೈ ಬೀಸಲಿಲ್ಲ. ಉಸಿರನ್ನೂ ಬಿಡಲಿಲ್ಲ.

ಟಣ್, ಟಣ್.

ಬನ್ನಿನ ಬಿಸಿ ಪೊಟ್ಟಣದಿಂದ ಎದೆಗೆ ತಾಗುತ್ತಿತ್ತು. ಬೀಗ ತೆಗೆಯಲು ಅವಳಿಗೆ ಅವಸರವೇ ಆಗಲಿಲ್ಲ. ಒಳಗಿನ ಲೈಟುಗಳ ನೆನಪೂ ಬರಲಿಲ್ಲ.

ಅಷ್ಟರಲ್ಲಿ ಬೆನ್ನ ಹಿಂದೆ ಯಾರೋ ಬಂದು ನಿಂತರು. ಅವತ್ತೇ ತಂಡಕ್ಕೆ ಸೇರಿದ, ಬ್ಯಾಂಕಿನಲ್ಲಿ ಕೆಲಸ ಮಾಡುವ ಹೊಸಬರು. ನೀಲಿ ಟೋಪಿಯ ಮಡಿಕೆ ಇನ್ನೂ ಬಿಟ್ಟಿರಲಿಲ್ಲ. ಕೈಯಲ್ಲಿ ಉದ್ದ ಮೂತಿಯ ಎಣ್ಣೆ ಡಬ್ಬಿ ಇತ್ತು. ಬಾಗಿಲು ತಟ್ಟಿ ಕೇಳಬೇಕೆಂದು ಟೋಪಿ ಅಕ್ಕ ಹೇಳಿಕೊಟ್ಟಿದ್ದರಿಂದ ಅವರು ಬಹಳ ವಿನಯದಿಂದಲೇ ಕೇಳಿದರು.

“ಇಡೀ ಬೀದೀಲಿ ಇದೊಂದೇ ಗೇಟು ಕಿರುಗುಟ್ತಿದೆ ಪುಟ್ಟಿ. ಎರಡೇ ಎರಡು ಹನಿ ಬಿಡ್ಲಾ?”

ಚೂಟಿ ಪೊಟ್ಟಣವನ್ನು ನೆಲಕ್ಕಿಟ್ಟು, ಎರಡೂ ಕೀಲುಗಳಿಗೆ ಅಡ್ಡವಾಗಿ ಗೇಟಿಗೆ ಬೆನ್ನು ಕೊಟ್ಟು ನಿಂತಳು.

“ಇಲ್ಲ ಅಂಕಲ್. ಬಿಡಲ್ಲ.”